ಎಎಫ್‌ಎಲ್ ಪಂದ್ಯಕ್ಕೆ ಮುನ್ನ ತಂತ್ರವನ್ನೂ ಎದುರಾಳಿ ಜೋಡಿಗಳನ್ನೂ ಚರ್ಚಿಸುವ ಬಗೆ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (ಎಎಫ್‌ಎಲ್) ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಪಂದ್ಯಕ್ಕೆ ಮುಂಚಿನ ದಿನಗಳಲ್ಲಿ ಅಭಿಮಾನಿಗಳ ಮಾತು ಸಾಮಾನ್ಯವಾಗಿ ಯಾರು ಗೆಲ್ಲುತ್ತಾರೆ ಎಂಬಲ್ಲಿಂದ ಶುರುವಾಗಿ, ಯಾವ ತಂಡದಲ್ಲಿ ಹೆಚ್ಚು ತಾರೆಯರಿದ್ದಾರೆ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಅಂಥ ಮಾತಿನಿಂದ ಪಂದ್ಯ ನೋಡುವ ಕಣ್ಣು ಹರಿತವಾಗುವುದಿಲ್ಲ. ಚೆಂಡು ಮೈದಾನದ ಯಾವ ಭಾಗದಲ್ಲಿ ಒಂದು ತಂಡದ ಕೈಯಿಂದ ಇನ್ನೊಂದರ ಕೈಗೆ ಹೋಗಬಹುದು, ಆ ಗಳಿಗೆಯಲ್ಲಿ ಅಲ್ಲಿ ಯಾರ ಎದುರು ಯಾರು ನಿಂತಿರುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಚರ್ಚಿಸಿದರೆ ಮಾತ್ರ ಪಂದ್ಯ ಶುರುವಾದ ಮೇಲೆ ನಾವು ಆಡಿದ ಮಾತನ್ನು ನಾವೇ ಒರೆಗೆ ಹಚ್ಚಬಹುದು. ಮೆಲ್ಬರ್ನ್‌ನಲ್ಲೋ ಪರ್ತ್‌ನಲ್ಲೋ ನೆಲೆಸಿ, ಶಾಲೆಗೆ ಹೋಗುವ ಮಕ್ಕಳ ಮೂಲಕ ಈ ಆಟಕ್ಕೆ ಒಲಿದ ಕನ್ನಡಿಗರಿಗೂ, ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಕುಳಿತು ನೇರಪ್ರಸಾರ ನೋಡುವವರಿಗೂ ಈ ಬರಹ ನೆರವಾಗಲಿ ಎಂಬುದು ನನ್ನ ಆಸೆ. ಗೋಲಿಗೆ 6 ಅಂಕ, ಬಿಹೈಂಡ್‌ಗೆ (ಚೆಂಡು ಗೋಲ್ ಕಂಬಕ್ಕೂ ಅದರ ಪಕ್ಕದ ಚಿಕ್ಕ ಕಂಬಕ್ಕೂ ನಡುವೆ ಹೋದರೆ) 1 ಅಂಕ, ಒಂದು ತಂಡದಿಂದ ಮೈದಾನದಲ್ಲಿ 18 ಮಂದಿ, ತಲಾ 20 ನಿಮಿಷಗಳ ಜೊತೆಗೆ ಆಟ ನಿಂತ ಸಮಯವೂ ಸೇರುವ ನಾಲ್ಕು ಕ್ವಾರ್ಟರ್‌ಗಳು ಎಂಬಷ್ಟು ತಿಳಿದಿದ್ದರೆ ಮುಂದಿನದನ್ನು ಅನುಸರಿಸಲು ಸಾಕು.

ಚರ್ಚೆಗೆ ಮೊದಲ ಸಾಮಗ್ರಿ ತಂಡದ ಪಟ್ಟಿ. ಪಂದ್ಯದ ಮುಂಚಿನ ಸಂಜೆಯ ಹೊತ್ತಿಗೆ ಕ್ಲಬ್ಬುಗಳು 23 ಆಟಗಾರರ ಹೆಸರನ್ನೂ, ಅವರಲ್ಲಿ ಯಾರಾದರೂ ಹೊರಗುಳಿದರೆ ಬರಬೇಕಾದ ಕಾಯ್ದಿರಿಸಿದವರ ಹೆಸರನ್ನೂ ಪ್ರಕಟಿಸಿರುತ್ತವೆ. ಪಟ್ಟಿಯಲ್ಲಿ ಹಿಂಬದಿ, ನಡು, ಮುಂಬದಿ ಎಂದು ಸಾಲುಸಾಲಾಗಿ ಹೆಸರುಗಳಿದ್ದರೂ ಅದನ್ನು ಅಕ್ಷರಶಃ ನಂಬಬಾರದು, ಏಕೆಂದರೆ ಕೋಚ್‌ಗಳು ತಮ್ಮ ಯೋಜನೆಯನ್ನು ಬಿಟ್ಟುಕೊಡಲು ಬಯಸುವುದಿಲ್ಲ ಮತ್ತು ಅಲ್ಲಿ ಮುದ್ರಿತವಾದ ಸ್ಥಾನದಲ್ಲೇ ಆಟಗಾರ ನಿಲ್ಲಬೇಕೆಂಬ ನಿಯಮವೂ ಇಲ್ಲ. ಪಟ್ಟಿಯಲ್ಲಿ ಓದಬೇಕಾದದ್ದು ಸ್ಥಾನವನ್ನಲ್ಲ, ಬದಲಾವಣೆಯನ್ನು. ಹೋದ ವಾರಕ್ಕಿಂತ ಯಾರು ಹೊರಗೆ, ಯಾರು ಒಳಗೆ, ಹೊರಹೋದವನ ಕೆಲಸವನ್ನೇ ಒಳಬಂದವನು ಮಾಡುತ್ತಾನೆಯೇ ಅಥವಾ ತಂಡದ ರೂಪವೇ ಬದಲಾಗಿದೆಯೇ ಎಂದು ನೋಡಬೇಕು. ಎತ್ತರದ ಡಿಫೆಂಡರ್ ಗಾಯಗೊಂಡು ಅವನ ಜಾಗಕ್ಕೆ ವೇಗದ ಕುಳ್ಳ ಆಟಗಾರ ಬಂದಿದ್ದರೆ, ಉಳಿದ ಎತ್ತರದ ಡಿಫೆಂಡರ್‌ಗಳಲ್ಲಿ ಒಬ್ಬನು ಇಲ್ಲಿಯವರೆಗೆ ಹೊರದಿದ್ದ ಹೊಣೆಯನ್ನು ಹೊರಬೇಕಾಗುತ್ತದೆ. ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಬಹುದು.

ಆಮೇಲೆ ಜೋಡಿಗಳನ್ನು ಕಟ್ಟಬೇಕು. ಊರ ಜಾತ್ರೆಯ ಕುಸ್ತಿಯಲ್ಲಿ ಹಿರಿಯರು ಪೈಲ್ವಾನರ ಮೈಕಟ್ಟು ನೋಡಿ ಜೋಡಿ ಕಟ್ಟುವಂತೆ ಇಲ್ಲಿಯೂ ಎತ್ತರ, ತೂಕ, ಓಟ, ಜಿಗಿತಗಳನ್ನು ಎದುರುಬದುರು ಇಟ್ಟು ನೋಡಬೇಕು. ಒಂದು ಹಾಳೆಯ ಮೇಲೆ ಒಂದು ತಂಡದ ಆರು ಫಾರ್ವರ್ಡ್‌ಗಳನ್ನೂ ಇನ್ನೊಂದರ ಆರು ಡಿಫೆಂಡರ್‌ಗಳನ್ನೂ ಬರೆದುಕೊಂಡು, ಎತ್ತರದವರನ್ನು ಮೊದಲು ಸೇರಿಸಿ. ಇಬ್ಬರು ಎತ್ತರದ ಫಾರ್ವರ್ಡ್‌ಗಳಿಗೆ ಇಬ್ಬರು ಎತ್ತರದ ಡಿಫೆಂಡರ್‌ಗಳು ಸುಲಭವಾಗಿ ಸಿಗುತ್ತಾರೆ. ತೊಡಕು ಬರುವುದು ಮೂರನೆಯವನಲ್ಲಿ, ಅಂದರೆ ರಕ್‌ಮನ್ (ಅಂಪೈರ್ ಬಿಟ್ಟ ಚೆಂಡಿಗೆ ಜಿಗಿದು ಅದನ್ನು ತನ್ನವರ ಕಡೆಗೆ ತಟ್ಟುವ ಎತ್ತರದ ಆಟಗಾರ) ವಿಶ್ರಾಂತಿಗೆಂದು ಮುಂಬದಿಗೆ ಬಂದು ನಿಂತಾಗ, ಅಥವಾ ಎತ್ತರದವನೇ ಆದರೂ ಮಿಡ್‌ಫೀಲ್ಡರ್‌ನಂತೆ ಓಡಬಲ್ಲ ಆಟಗಾರ ಎದುರಾದಾಗ. ಹೊಂದಿಕೆಯಾಗದ ಆ ಒಂದು ಜೋಡಿಯೇ ಹಲವು ಪಂದ್ಯಗಳ ಗತಿಯನ್ನು ಬದಲಿಸುತ್ತದೆ. ಆದ್ದರಿಂದ ಹೊಂದಿಕೆಯಾದ ಜೋಡಿಗಳ ಬಗ್ಗೆ ಬೇಗ ಮಾತು ಮುಗಿಸಿ, ಹೊಂದದವನ ಬಗ್ಗೆ ಹೆಚ್ಚು ಹೊತ್ತು ಚರ್ಚಿಸುವುದು ಒಳ್ಳೆಯದು.

ಇದನ್ನೆಲ್ಲ ಕಲಿಯಲು ಋತುವಿನ ಪ್ರಶಸ್ತಿಯನ್ನು ನಿರ್ಧರಿಸಿದ 2018ರ ಗ್ರ್ಯಾಂಡ್ ಫೈನಲ್‌ಗಿಂತ ಒಳ್ಳೆಯ ಪಂದ್ಯ ನನಗೆ ಕಾಣದು. ಅದಕ್ಕೆ ಎಂಟು ದಿನ ಮುಂಚೆ ನಡೆದ, ಗ್ರ್ಯಾಂಡ್ ಫೈನಲ್‌ಗೆ ಹೋಗುವವರನ್ನು ನಿರ್ಧರಿಸುವ ಪ್ರಿಲಿಮಿನರಿ ಫೈನಲ್‌ನಲ್ಲಿ ಕಾಲಿಂಗ್‌ವುಡ್ ತಂಡವು ಹಾಲಿ ಚಾಂಪಿಯನ್ ರಿಚ್‌ಮಂಡ್ ಅನ್ನು 39 ಅಂಕಗಳಿಂದ ಸೋಲಿಸಿತ್ತು. ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿ ಬಂದಿದ್ದ 211 ಸೆಂಟಿಮೀಟರ್ ಎತ್ತರದ ಮೇಸನ್ ಕಾಕ್ಸ್ ಎರಡನೇ ಕ್ವಾರ್ಟರ್‌ನಲ್ಲಿ ಮೂರು ಗೋಲು ಹೊಡೆದಿದ್ದ, ಮಿಡ್‌ಫೀಲ್ಡರ್ ಸ್ಟೀಲ್ ಸೈಡ್‌ಬಾಟಮ್ 41 ಡಿಸ್ಪೋಸಲ್‌ಗಳೊಂದಿಗೆ (ಒದ್ದೋ ಕೈಯಿಂದ ಹೊಡೆದೋ ಚೆಂಡು ದಾಟಿಸಿದ ಸಲಗಳು) ಮೈದಾನದ ತುಂಬ ಓಡಾಡಿದ್ದ. ಎದುರಿಗಿದ್ದ ವೆಸ್ಟ್ ಕೋಸ್ಟ್ ತಂಡಕ್ಕೆ ಮಿಡ್‌ಫೀಲ್ಡರ್ ಆಂಡ್ರೂ ಗ್ಯಾಫ್ ನಿಷೇಧದಿಂದಾಗಿ ಇರಲಿಲ್ಲ. ರಕ್‌ಮನ್ ನಿಕ್ ನೈಟನೂಯಿ ಮತ್ತು ಡಿಫೆಂಡರ್ ಬ್ರಾಡ್ ಶೆಪರ್ಡ್ ಗಾಯಗೊಂಡು ಹೊರಗಿದ್ದರು. ಹೆಸರುಗಳನ್ನು ಎಣಿಸುವವನಿಗೆ ತಕ್ಕಡಿ ಕಾಲಿಂಗ್‌ವುಡ್ ಕಡೆಗೇ ವಾಲಿದಂತೆ ಕಾಣುವುದು ಸಹಜ.

ಆದರೆ ಜೋಡಿ ಕಟ್ಟುವವನು ಬೇರೆ ಪ್ರಶ್ನೆ ಕೇಳುತ್ತಾನೆ. 41 ಸಲ ಚೆಂಡು ಮುಟ್ಟಿದವನ ಬೆನ್ನಿಗೆ ವೆಸ್ಟ್ ಕೋಸ್ಟ್ ಯಾರನ್ನು ಬಿಡುತ್ತದೆ? ಕೋಚ್ ಆಡಮ್ ಸಿಂಪ್ಸನ್ ಆ ಕೆಲಸವನ್ನು ಮಾರ್ಕ್ ಹಚಿಂಗ್ಸ್‌ಗೆ ವಹಿಸಿದರು, ಮತ್ತು ಸೈಡ್‌ಬಾಟಮ್ ಆ ದಿನ 14 ಡಿಸ್ಪೋಸಲ್‌ಗಳಿಗೆ ಇಳಿದ. ಮೊದಲ ಐದು ಗೋಲುಗಳು ಕಾಲಿಂಗ್‌ವುಡ್‌ನವೇ ಆಗಿದ್ದರೂ ವೆಸ್ಟ್ ಕೋಸ್ಟ್ ತನ್ನ ಆಟವನ್ನು ಬಿಟ್ಟುಕೊಡದೆ ಹತ್ತಿರ ಬಂತು. ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಹುಟ್ಟಿದ್ದು ಮುಂಬದಿಯಲ್ಲಲ್ಲ. ಎದುರಾಳಿಯ ಒದೆತವನ್ನು ಹಿಂಬದಿಯಲ್ಲೇ ತಡೆದು ಹಿಡಿಯುವುದರಲ್ಲಿ ಹೆಸರಾದ ಜೆರೆಮಿ ಮೆಕ್‌ಗವರ್ನ್ ತನ್ನ ಡಿಫೆನ್ಸ್‌ನಲ್ಲಿ ಮಾರ್ಕ್ ಹಿಡಿದ, ಅಂದರೆ ಒದ್ದು ಬಂದ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆಯೇ ಹಿಡಿದ. ಅಲ್ಲಿಂದ ಚೆಂಡು ರಕ್‌ಮನ್ ನೇಥನ್ ವಾರ್ಡಿಗೆ, ವಾರ್ಡಿಯಿಂದ ಲಿಯಾಮ್ ರಯಾನ್‌ಗೆ, ರಯಾನ್‌ನಿಂದ ಡಾಮ್ ಶೀಡ್‌ಗೆ ಹೋಯಿತು. ಶೀಡ್ ಬೌಂಡರಿಯ ಬಳಿಯ ಇಕ್ಕಟ್ಟಾದ ಕೋನದಿಂದ ಗೋಲು ಹೊಡೆದ. ಅಂತಿಮ ಅಂಕ 79–74. ಪಂದ್ಯಕ್ಕೆ ಮುಂಚೆಯೇ ಕೇಳಬಹುದಾಗಿದ್ದ ಎರಡು ಪ್ರಶ್ನೆಗಳು, ಅಂದರೆ ಸೈಡ್‌ಬಾಟಮ್‌ನನ್ನು ಯಾರು ಹಿಂಬಾಲಿಸುತ್ತಾರೆ ಮತ್ತು ಮೆಕ್‌ಗವರ್ನ್‌ನನ್ನು ಚೆಂಡು ಬೀಳುವ ಜಾಗದಿಂದ ಯಾರು ದೂರ ಸೆಳೆಯುತ್ತಾರೆ ಎಂಬವು, ಇಡೀ ಪಂದ್ಯದ ನಡುವೆ ಹಾದುಹೋಗಿರುವುದನ್ನು ಗಮನಿಸಿ.

ಎರಡನೆಯ ಪ್ರಶ್ನೆಗೆ ಇನ್ನಷ್ಟು ಬೆಲೆ ಕೊಡಬೇಕೆಂದು ನನ್ನ ಅಭಿಪ್ರಾಯ. ಕಾಲಿನಿಂದ ಒದ್ದ ಚೆಂಡು 15 ಮೀಟರ್ ದಾಟಿ ಬಂದಾಗ ಅದನ್ನು ನೆಲಕ್ಕೆ ಬೀಳದಂತೆ ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಹಾಗಾಗಿ ಮಾರ್ಕ್ ಹಿಡಿಯುವ ಡಿಫೆಂಡರ್ ಒಂದು ದಾಳಿಯನ್ನು ನಿಲ್ಲಿಸುವುದಷ್ಟೇ ಅಲ್ಲ, ತನ್ನ ತಂಡದ ಮುಂದಿನ ದಾಳಿಯನ್ನೂ ತಾನೇ ಆರಂಭಿಸುತ್ತಾನೆ. ಇಂದಿನ ಆಟದಲ್ಲಿ ಹೆಚ್ಚಿನ ಅಂಕಗಳು ಎದುರಾಳಿ ಕಳೆದುಕೊಂಡ ಚೆಂಡಿನಿಂದ ಬರುತ್ತವೆಯೇ ಹೊರತು ಅಂಪೈರ್ ಆಟಕ್ಕೆ ಬಿಟ್ಟ ಚೆಂಡಿನಿಂದಲ್ಲ. ಹಾಗಾಗಿ ಅಂಥ ಡಿಫೆಂಡರ್ ಎದುರಾಳಿ ತಂಡದಲ್ಲಿದ್ದರೆ ನಮ್ಮ ತಂಡ ಏನು ಮಾಡಬಹುದು ಎಂದು ಕೇಳಿಕೊಳ್ಳಬೇಕು. ಗೋಲು ಹೊಡೆಯುವ ಆಸೆಯನ್ನು ಬದಿಗಿಟ್ಟು ಅವನ ಮೈಗೆ ಅಂಟಿಕೊಂಡೇ ಓಡುವ ಒಬ್ಬ ಫಾರ್ವರ್ಡ್‌ನನ್ನು ನೇಮಿಸಬಹುದು. ಎತ್ತರದ ತೇಲುವ ಒದೆತವನ್ನು ಬಿಟ್ಟು ತಗ್ಗಿನ, ವೇಗದ ಒದೆತವನ್ನು ಆರಿಸಬಹುದು. ಅಥವಾ ಅವನು ಚೆಂಡಿನ ಕಡೆ ಜಿಗಿಯುವಾಗ ಬಿಟ್ಟುಬಂದ ಎದುರಾಳಿಗೇ ಚೆಂಡು ಸಿಗುವಂತೆ ಮಾಡಬಹುದು. ನಮ್ಮ ಕೋಚ್ ಇವುಗಳಲ್ಲಿ ಯಾವುದನ್ನು ಆರಿಸಬಹುದೆಂದು ಊಹಿಸಲು ಅವರ ಹಿಂದಿನ ಪಂದ್ಯಗಳೇ ಆಧಾರ.

ಟ್ಯಾಗಿಂಗ್ ಬಗ್ಗೆ, ಅಂದರೆ ಎದುರಾಳಿಯ ಒಬ್ಬ ಆಟಗಾರನ ಬೆನ್ನಿಗೇ ಬಿದ್ದು ಅವನನ್ನು ಕಟ್ಟಿಹಾಕುವುದರ ಬಗ್ಗೆ ಮಾತನಾಡುವಾಗ ಎಚ್ಚರ ಬೇಕು. 2023ರ 21ನೇ ಸುತ್ತಿನಲ್ಲಿ ಅಂಕಪಟ್ಟಿಯ ಕೆಳಭಾಗದಲ್ಲಿದ್ದ ಹಾಥಾರ್ನ್, ಅಗ್ರಸ್ಥಾನದ ಕಾಲಿಂಗ್‌ವುಡ್ ಅನ್ನು 32 ಅಂಕಗಳಿಂದ ಸೋಲಿಸಿದಾಗ, ಹಾಥಾರ್ನ್‌ನ ಫಿನ್ ಮಗಿನೆಸ್ ಬೆನ್ನುಬಿದ್ದಿದ್ದ ಕಾಲಿಂಗ್‌ವುಡ್‌ನ ನಿಕ್ ಡೇಕಸ್‌ಗೆ ಸಿಕ್ಕಿದ್ದು ಬರೀ 5 ಡಿಸ್ಪೋಸಲ್. ಟ್ಯಾಗ್‌ನ ಶಕ್ತಿಗೆ ಸಾಕ್ಷಿಯಾಗಿ ಇದನ್ನು ಬಹಳ ಮಂದಿ ಎತ್ತಿ ಆಡುತ್ತಾರೆ. ಅದೇ ಪಂದ್ಯದಲ್ಲಿ ಡೇಕಸ್‌ನ ಮಂಡಿಗೆ ಪೆಟ್ಟಾಗಿ ಅವನು ಪ್ರಿಲಿಮಿನರಿ ಫೈನಲ್‌ವರೆಗೆ ಹೊರಗುಳಿಯಬೇಕಾಯಿತು ಎಂಬುದನ್ನೂ ಅದರ ಜೊತೆಗೇ ಹೇಳುವುದು ನ್ಯಾಯ. ಟ್ಯಾಗ್ ಮಾಡಲು ಹೋದವನು ತನ್ನ ತಂಡಕ್ಕೆ ಚೆಂಡು ಗೆದ್ದುಕೊಡುವ ಕೆಲಸವನ್ನು ಬಹುಮಟ್ಟಿಗೆ ಬಿಟ್ಟಿರುತ್ತಾನೆ. ಹಾಗಾಗಿ ಒಬ್ಬನನ್ನು ಕಟ್ಟಿಹಾಕಿ ಎಂದು ಹೇಳುವವರು, ಆ ಕೆಲಸಕ್ಕೆ ಯಾರನ್ನು ಕೊಡುತ್ತೀರಿ ಮತ್ತು ಅವನು ಬಿಟ್ಟುಹೋದ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನೂ ಹೇಳಬೇಕು. ಎದುರಾಳಿಗೆ ಒಬ್ಬನೇ ದೊಡ್ಡ ಮಿಡ್‌ಫೀಲ್ಡರ್ ಇದ್ದಾಗ ಈ ಲೆಕ್ಕ ಹೊಂದುತ್ತದೆ, ಮೂವರಿದ್ದಾಗ ಹೊಂದುವುದು ಕಷ್ಟ.

ನಡುಮೈದಾನವನ್ನು ಪ್ರತ್ಯೇಕವಾಗಿ ನೋಡಬೇಕು. ಪ್ರತಿ ಕ್ವಾರ್ಟರ್‌ನ ಆರಂಭದಲ್ಲಿ ಮತ್ತು ಪ್ರತಿ ಗೋಲಿನ ನಂತರ ಮೈದಾನದ ನಡುವೆ ಗುರುತಿಸಿದ ಚೌಕದ, ಅಂದರೆ ಸೆಂಟರ್ ಸ್ಕ್ವೇರ್‌ನೊಳಗೆ ತಂಡಕ್ಕೆ ನಾಲ್ವರು ಮಾತ್ರ ಇರಬಹುದು. 2019ರಲ್ಲಿ ಬಂದ 6-6-6 ನಿಯಮದ ಪ್ರಕಾರ ಆ ಗಳಿಗೆಯಲ್ಲಿ ಆರು ಮಂದಿ ಹಿಂಬದಿಯಲ್ಲೂ ಆರು ಮಂದಿ ಮುಂಬದಿಯಲ್ಲೂ ಇರಲೇಬೇಕು. ಅಂದರೆ ಡಿಫೆನ್ಸ್‌ಗೆ ಹೆಚ್ಚುವರಿ ಆಟಗಾರನನ್ನು ಮುಂಚಿತವಾಗಿ ತಂದು ನಿಲ್ಲಿಸುವ ಅವಕಾಶ ಅಲ್ಲಿ ಇಲ್ಲ. ನಡುವಿನ ನಾಲ್ವರು ಸೋತರೆ ಚೆಂಡು ನೇರವಾಗಿ ತೆರೆದ ಜಾಗಕ್ಕೆ ಬೀಳುತ್ತದೆ. 2021ರಲ್ಲಿ ಪರ್ತ್‌ನಲ್ಲಿ ನಡೆದ ಗ್ರ್ಯಾಂಡ್ ಫೈನಲ್‌ನ ಮೂರನೇ ಕ್ವಾರ್ಟರ್‌ನಲ್ಲಿ 19 ಅಂಕ ಹಿಂದಿದ್ದ ಮೆಲ್ಬರ್ನ್, ಅದೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ 24 ಅಂಕ ಮುಂದಾಗಿ, ಕೊನೆಗೆ ವೆಸ್ಟರ್ನ್ ಬುಲ್‌ಡಾಗ್ಸ್ ವಿರುದ್ಧ 74 ಅಂಕಗಳಿಂದ ಗೆದ್ದದ್ದನ್ನು ನೋಡಿದವರಿಗೆ, ನಡುವಿನಿಂದ ಗೋಲಿನ ಹಿಂದೆ ಗೋಲು ಹೇಗೆ ಬರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಎರಡೂ ತಂಡಗಳ ನಾಲ್ವರನ್ನು ಹೆಸರಿಸಿ, ರಕ್‌ಮನ್ ಚೆಂಡನ್ನು ಯಾವ ಕಡೆಗೆ ತಟ್ಟಲು ಇಷ್ಟಪಡುತ್ತಾನೆ, ಅವನು ವಿಶ್ರಾಂತಿಗೆ ಹೋದಾಗ ಬರುವ ಎರಡನೇ ರಕ್‌ಮನ್ ಎಷ್ಟು ಸಮರ್ಥ ಎಂದು ಚರ್ಚಿಸಿ. ತಂಡವೊಂದು ಒಂದು ಪಂದ್ಯದಲ್ಲಿ ಮಾಡಬಹುದಾದ ಆಟಗಾರರ ಬದಲಾವಣೆಗಳಿಗೆ 2021ರಿಂದ 75ರ ಮಿತಿ ಇದೆ. ಹಾಗಾಗಿ ಯಾರು ಯಾವಾಗ ಬೆಂಚಿನಲ್ಲಿರುತ್ತಾರೆ ಎಂಬುದೂ ತಂತ್ರದ ಭಾಗವೇ.

ಜೋಡಿ ಹೊಂದದಿರುವುದು ಯಾವಾಗಲೂ ದೌರ್ಬಲ್ಯವಲ್ಲ. 2017ರಲ್ಲಿ ರಿಚ್‌ಮಂಡ್ ತನ್ನ ಮುಂಬದಿಯಲ್ಲಿ ಜ್ಯಾಕ್ ರೀವೋಲ್ಟ್ ಒಬ್ಬನನ್ನೇ ಎತ್ತರದ ಗುರಿಯಾಗಿಟ್ಟುಕೊಂಡು ಸುತ್ತ ಕುಳ್ಳ, ಚುರುಕಿನ ಆಟಗಾರರನ್ನು ನಿಲ್ಲಿಸಿತು. ಎತ್ತರದ ಲೆಕ್ಕದಲ್ಲಿ ಅದು ಸೋಲುವ ಜೋಡಿ. ಆದರೆ ಚೆಂಡು ನೆಲಕ್ಕೆ ಬಿದ್ದೊಡನೆ ಆ ಕುಳ್ಳರು ಡಿಫೆಂಡರ್‌ಗಳನ್ನು ಹಿಡಿದು ಕೆಡವಿ, ಚೆಂಡು ಅಲ್ಲಿಂದ ಹೊರಗೆ ಹೋಗದಂತೆ ನೋಡಿಕೊಂಡರು. ಗ್ರ್ಯಾಂಡ್ ಫೈನಲ್‌ನಲ್ಲಿ ಅಡಿಲೇಡ್ ಅನ್ನು 108–60ರಿಂದ ಸೋಲಿಸಿ, 1980ರ ನಂತರದ ತನ್ನ ಮೊದಲ ಪ್ರಶಸ್ತಿಯನ್ನು ಆ ತಂಡ ಪಡೆಯಿತು. ಎತ್ತರದ ಡಿಫೆಂಡರ್‌ಗೆ ಕಾಯಲು ಎತ್ತರದ ಫಾರ್ವರ್ಡ್ ಇಲ್ಲದಿದ್ದರೆ, ನೆಲದ ಮೇಲಿನ ಚೆಂಡಿಗಾಗಿ ಕುಳ್ಳನ ಹಿಂದೆ ಓಡುವ ತಾಪತ್ರಯ ಆ ಡಿಫೆಂಡರ್‌ನದಾಗುತ್ತದೆ. ಆದ್ದರಿಂದ ಪ್ರತಿ ಜೋಡಿಯನ್ನೂ ಎರಡು ಸಲ ನೋಡಬೇಕು: ಚೆಂಡು ಗಾಳಿಯಲ್ಲಿರುವಾಗ ಒಮ್ಮೆ, ನೆಲದ ಮೇಲಿರುವಾಗ ಇನ್ನೊಮ್ಮೆ.

ಮೈದಾನವನ್ನು ಮರೆತು ತಂತ್ರ ಮಾತನಾಡುವುದು ವ್ಯರ್ಥ. ಈ ಆಟದಲ್ಲಿ ಮೈದಾನಕ್ಕೆ ಒಂದೇ ಅಳತೆಯಿಲ್ಲ. ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್‌ವರೆಗೆ ಇರಬಹುದು. ನಮ್ಮಲ್ಲಿ ಕ್ರಿಕೆಟ್ ನೋಡಿದವರಿಗೆಲ್ಲ ಪರಿಚಿತವಾದ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್ ಅಗಲವಾಗಿದೆ, ಹಾಗಾಗಿ ಒಂದು ಬದಿ ಮುಚ್ಚಿಹೋದರೆ ಚೆಂಡನ್ನು ಅಡ್ಡಲಾಗಿ ಇನ್ನೊಂದು ಬದಿಗೆ ದಾಟಿಸಿ ಹೊಸ ದಾರಿ ತೆರೆಯಬಹುದು. ಜೀಲಾಂಗ್‌ನ ಕಾರ್ಡಿನಿಯಾ ಪಾರ್ಕ್ ಸುಮಾರು 170 ಮೀಟರ್ ಉದ್ದ, 115 ಮೀಟರ್ ಅಗಲ. ಅಲ್ಲಿ ಬೌಂಡರಿ ಗೆರೆ ಯಾವಾಗಲೂ ಹತ್ತಿರ, ಅಡ್ಡ ದಾಟಿಸಿದರೂ ಸಿಗುವ ಜಾಗ ಕಡಿಮೆ. ಅಲ್ಲಿ ಗೆಲ್ಲುವ ತಂಡದ ಕ್ರಮವೇ ಮುಂದಿನ ವಾರ ಅಗಲದ ಮೈದಾನದಲ್ಲೂ ನಡೆಯುತ್ತದೆಂದು ಊಹಿಸಬಾರದು. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿರುವ ಮಾರ್ವೆಲ್ ಸ್ಟೇಡಿಯಂಗೆ ಮುಚ್ಚಬಹುದಾದ ಚಾವಣಿ ಇರುವುದರಿಂದ ಅಲ್ಲಿ ಮಳೆಗಾಳಿಯ ಮಾತು ಬಹುಮಟ್ಟಿಗೆ ಬೇಡ. ಬೇರೆಡೆ ಮಳೆ ಬಂದರೆ ಚೆಂಡು ಜಾರುತ್ತದೆ, ಎತ್ತರದವರು ಮಾರ್ಕ್ ಹಿಡಿಯುವುದು ಕಡಿಮೆಯಾಗುತ್ತದೆ, ಕೈಯಿಂದ ಕೈಗೆ ದಾಟಿಸುವ ಆಟಕ್ಕಿಂತ ಮುಂದಕ್ಕೆ ಒದ್ದು ಬೆನ್ನಟ್ಟುವ ಆಟ ಲಾಭ ತರುತ್ತದೆ. ಮೂವರು ಎತ್ತರದ ಫಾರ್ವರ್ಡ್‌ಗಳನ್ನು ಆರಿಸಿದ ತಂಡ ಅಂಥ ರಾತ್ರಿ ಮೂವರನ್ನೂ ಉಳಿಸಿಕೊಳ್ಳುತ್ತದೆಯೇ ಎಂಬುದು ಪಂದ್ಯದ ದಿನ ಬೆಳಿಗ್ಗೆ ಕೇಳಬೇಕಾದ ಪ್ರಶ್ನೆ.

ಅಂಕಿಅಂಶಗಳ ವಿಷಯದಲ್ಲಿ ಮಿತಭಾಷೆ ಒಳ್ಳೆಯದು. ಡಿಸ್ಪೋಸಲ್‌ಗಳ ಸಂಖ್ಯೆಯನ್ನು ಎಲ್ಲರೂ ಉದಾಹರಿಸುತ್ತಾರೆ, ಆದರೆ ಹಿಂಬದಿಯಲ್ಲಿ ಒಬ್ಬರಿಗೊಬ್ಬರು ಸುಮ್ಮನೆ ದಾಟಿಸಿಕೊಂಡ ಚೆಂಡೂ ಅದರಲ್ಲಿ ಸೇರಿರುತ್ತದೆ. ನಾನು ಹೆಚ್ಚು ನೋಡುವುದು ಪೈಪೋಟಿಯಲ್ಲಿ ಗೆದ್ದ ಚೆಂಡು, ಕ್ಲಿಯರೆನ್ಸ್ (ಅಂಪೈರ್ ಆಟಕ್ಕೆ ಬಿಟ್ಟ ಚೆಂಡನ್ನು ಗುಂಪಿನಿಂದ ಹೊರತೆಗೆಯುವುದು), ಇನ್‌ಸೈಡ್ 50 (ಎದುರಾಳಿ ಗೋಲಿನ 50 ಮೀಟರ್ ಗೆರೆಯೊಳಗೆ ಚೆಂಡು ಒಯ್ದ ಸಲಗಳು) ಮತ್ತು ಅವುಗಳಲ್ಲಿ ಎಷ್ಟು ಮಾರ್ಕ್ ಅಥವಾ ಗೋಲಿನಲ್ಲಿ ಕೊನೆಗೊಂಡವು ಎಂಬುದನ್ನು. ಗುರಿಯ ನಿಖರತೆಯನ್ನು ಪ್ರತ್ಯೇಕವಾಗಿ ಇಟ್ಟು ನೋಡಿ. 2008ರ ಗ್ರ್ಯಾಂಡ್ ಫೈನಲ್‌ನಲ್ಲಿ ಜೀಲಾಂಗ್ 11 ಗೋಲು, 23 ಬಿಹೈಂಡ್‌ಗಳೊಂದಿಗೆ 89 ಅಂಕ ಗಳಿಸಿತು. ಹಾಥಾರ್ನ್ 18 ಗೋಲು, 7 ಬಿಹೈಂಡ್‌ಗಳೊಂದಿಗೆ 115 ಗಳಿಸಿ ಗೆದ್ದಿತು. ಜೀಲಾಂಗ್‌ನ ಬಿಹೈಂಡ್‌ಗಳಲ್ಲಿ ಹಲವನ್ನು ಹಾಥಾರ್ನ್ ಡಿಫೆಂಡರ್‌ಗಳೇ ಒತ್ತಡದಿಂದ ಪಾರಾಗಲು ಉದ್ದೇಶಪೂರ್ವಕವಾಗಿ ಬಿಟ್ಟುಕೊಟ್ಟಿದ್ದರು, ಮತ್ತು ಮುಂದಿನ ವರ್ಷವೇ ಅದಕ್ಕೆ ಕಡಿವಾಣ ಹಾಕುವ ನಿಯಮ ಬಂತು. ಅಂಥ ಫಲಿತಾಂಶದ ಮೇಲೆ ನಿಂತು ಎರಡು ತಂಡಗಳ ಮುಂದಿನ ಭೇಟಿಯ ಬಗ್ಗೆ ಮಾತನಾಡುವವರು, ಅಂಕಗಳನ್ನು ಮಾತ್ರವಲ್ಲದೆ ಅವಕಾಶಗಳು ಹೇಗೆ ಹುಟ್ಟಿದವು ಎಂಬುದನ್ನೂ ನೋಡಬೇಕಾಗುತ್ತದೆ.

ಹಿಂದಿನ ಭೇಟಿಯ ಫಲಿತಾಂಶಕ್ಕೆ ಅತಿಯಾದ ಬೆಲೆ ಕೊಡುವುದು ಅಭಿಮಾನಿಗಳ ಚರ್ಚೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ. 2025ರ ಸೆಪ್ಟೆಂಬರ್ ಆರಂಭದಲ್ಲಿ, ಫೈನಲ್ಸ್ ಸರಣಿಯ ಮೊದಲ ವಾರದ ಕ್ವಾಲಿಫೈಯಿಂಗ್ ಫೈನಲ್‌ನಲ್ಲಿ ಜೀಲಾಂಗ್ ತಂಡ ಬ್ರಿಸ್ಬೇನ್ ಲಯನ್ಸ್ ಅನ್ನು 38 ಅಂಕಗಳಿಂದ ಸೋಲಿಸಿತು. ಅದೇ ತಿಂಗಳ ಕೊನೆಯಲ್ಲಿ ಅದೇ ಮೈದಾನದಲ್ಲಿ ನಡೆದ ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್ 122–75ರಿಂದ ಗೆದ್ದಿತು. ಹಿಂದಿನ ಪಂದ್ಯದಿಂದ ತೆಗೆದುಕೊಳ್ಳಬೇಕಾದದ್ದು ಯಾವ ಜೋಡಿ ಯಾರಿಗೆ ತೊಂದರೆ ಕೊಟ್ಟಿತು ಎಂಬ ವಿವರವನ್ನು, ಮತ್ತು ಸೋತ ಕೋಚ್ ಆ ಜೋಡಿಯನ್ನು ಈ ಸಲ ಹೇಗೆ ಬದಲಿಸಬಹುದು ಎಂಬ ಊಹೆಯನ್ನು. ಗೆದ್ದ ತಂಡ ತನ್ನ ಕ್ರಮವನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಬದಲಾವಣೆ ಸೋತವರ ಕಡೆಯಿಂದಲೇ ಬರುತ್ತದೆ.

ಇಷ್ಟೆಲ್ಲ ಸೇರಿಸಿಕೊಂಡ ಮೇಲೆ ಅಭಿಪ್ರಾಯವನ್ನು ಹೇಗೆ ಹೇಳಬೇಕೆಂಬುದಕ್ಕೆ ಬರೋಣ. ನಮ್ಮ ಡಿಫೆನ್ಸ್ ಗಟ್ಟಿಯಾಗಿದೆ ಎಂದು ಹೇಳಿದರೆ ಯಾರೂ ಅದನ್ನು ಒಪ್ಪಲೂ ಆಗದು, ಅಲ್ಲಗಳೆಯಲೂ ಆಗದು. ಅದರ ಬದಲು, ಎದುರಾಳಿಯ ಮೂರನೇ ಎತ್ತರದ ಫಾರ್ವರ್ಡ್‌ಗೆ ನಮ್ಮಲ್ಲಿ ಸರಿಯಾದ ಡಿಫೆಂಡರ್ ಇಲ್ಲ, ಆದ್ದರಿಂದ ಮೊದಲ ಕ್ವಾರ್ಟರ್‌ನಲ್ಲೇ ಕೋಚ್ ಒಬ್ಬ ವಿಂಗ್ (ನಡುಮೈದಾನದ ಪಕ್ಕದ ಅಂಚು) ಆಟಗಾರನನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಾರೆ, ಆಗ ಆ ಬದಿಯ ವಿಂಗ್ ತೆರೆದುಕೊಳ್ಳುತ್ತದೆ ಎಂದು ಹೇಳಿ ನೋಡಿ. ಕಾರಣ, ಸ್ಥಳ, ಸಮಯ ಮೂರೂ ಇರುವುದರಿಂದ ಜೊತೆಗಿರುವವರು ಅದಕ್ಕೆ ಉತ್ತರ ಕೊಡಬಹುದು, ಪಂದ್ಯವೂ ಉತ್ತರ ಕೊಡುತ್ತದೆ. ಎದುರಾಳಿ ತಂಡದ ಅಭಿಮಾನಿಯೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ತಮ್ಮ ತಂಡದ ಯಾವ ಆಟಗಾರನನ್ನು ನೋಡಿ ತಮಗೆ ಎದೆ ಡವಗುಟ್ಟುತ್ತದೆಂದು ಪ್ರತಿ ವಾರ ನೋಡುವ ಅವರೇ ಬಲ್ಲರು. ಅವರನ್ನು ಕೆಣಕದೆ, ಈ ವಾರ ನಿಮಗೆ ಯಾವ ಜೋಡಿ ಚಿಂತೆ ತಂದಿದೆ ಎಂದು ಕೇಳಿದರೆ ಸಿಗುವ ಉತ್ತರ ಎಷ್ಟೋ ವಿಶ್ಲೇಷಣೆಗಳಿಗಿಂತ ಉಪಯುಕ್ತ.

ಪಂದ್ಯಕ್ಕೆ ಸುಮಾರು ಒಂದು ಗಂಟೆ ಮುಂಚೆ ಅಂತಿಮ ತಂಡ ಖಚಿತವಾಗುತ್ತದೆ, ಮತ್ತು ಕೊನೆಗಳಿಗೆಯ ಬದಲಾವಣೆಯೊಂದು ಇಡೀ ಹಾಳೆಯನ್ನು ತಿದ್ದುವಂತೆ ಮಾಡಬಹುದು. 2022ರಿಂದ 2025ರವರೆಗಿನ ಗ್ರ್ಯಾಂಡ್ ಫೈನಲ್‌ಗಳು ಮೆಲ್ಬರ್ನ್ ಸಮಯ ಮಧ್ಯಾಹ್ನ 2:30ಕ್ಕೆ, ಅಂದರೆ ಭಾರತದಲ್ಲಿ ಬೆಳಿಗ್ಗೆ 10ಕ್ಕೆ ಆರಂಭವಾದವು. ಹಾಗಾಗಿ ಕರ್ನಾಟಕದಲ್ಲಿ ಕುಳಿತವರಿಗೆ ಪಟ್ಟಿಯನ್ನು ಮತ್ತೊಮ್ಮೆ ನೋಡಿ ಜೋಡಿಗಳನ್ನು ತಿದ್ದಿಕೊಳ್ಳಲು 9 ಗಂಟೆಯ ಹೊತ್ತು ಸರಿಯಾದದ್ದು. ಕ್ರೀಡಾಂಗಣದಲ್ಲೇ ಇರುವವರಿಗೆ ಇನ್ನೊಂದು ಅನುಕೂಲವಿದೆ. ಟಿವಿ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ, ಆದರೆ ಜೋಡಿಗಳು ಗೊತ್ತಾಗುವುದು ಚೆಂಡಿನಿಂದ ದೂರದಲ್ಲಿ. ಅಂಪೈರ್ ಮೊದಲ ಸಲ ಚೆಂಡನ್ನು ಆಟಕ್ಕೆ ಬಿಡುವ ಮುಂಚೆ ಎರಡೂ ತುದಿಯ ಗೋಲ್ ಕಂಬಗಳ ಕಡೆ ಕಣ್ಣು ಹಾಯಿಸಿ, ಯಾರ ಪಕ್ಕಕ್ಕೆ ಯಾರು ನಡೆದು ಹೋಗಿ ಭುಜ ತಾಗಿಸಿ ನಿಂತರು ಎಂದು ನೋಡಿ, ನಿಮ್ಮ ಹಾಳೆಯಲ್ಲಿ ಬರೆದ ಹೆಸರುಗಳ ಪಕ್ಕ ಗುರುತು ಹಾಕಿಕೊಳ್ಳಿ. ಮೊದಲ ಬಿಡುವಿನಲ್ಲಿ ಅದನ್ನು ಇನ್ನೊಮ್ಮೆ ನೋಡಿ, ಬದಲಾದ ಜೋಡಿಗಳನ್ನು ಮಾತ್ರ ಬೇರೆ ಬರೆದುಕೊಂಡರೆ, ಎರಡನೇ ಕ್ವಾರ್ಟರ್‌ಗೆ ಏನು ಚರ್ಚಿಸಬೇಕೆಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ.